ನಮ್ಮ ಕಡೆಗೆ ತಿರುಗಿದ ಪರದೆ

ಬೆಂಗಳೂರಿನ ಕೆಂಗೇರಿ ನಮ್ಮ ಸದಸ್ಯ ಬಾಂಧವರಲ್ಲಿ ಅನೇಕರಿಗೆ ಹೊಸ ಊರೇನಲ್ಲ. ಮಡಿಕೇರಿ, ಮೈಸೂರು ಕಡೆಯ ಬಸ್ಸುಗಳು ನಗರವನ್ನು ಹೊಗುವುದೇ ಆ ದಾರಿಯಲ್ಲಿ. 2021ರ ಆಗಸ್ಟ್‌ನಲ್ಲಿ ಮೆಟ್ರೋ ರೈಲು ಅಲ್ಲಿಯವರೆಗೆ ಬಂದ ಮೇಲಂತೂ ಊರಿನಿಂದ ಬಂದವರು ಅಲ್ಲೇ ಇಳಿದು ಮುಂದಕ್ಕೆ ಹೋಗುವುದು ಸಾಮಾನ್ಯವಾಗಿದೆ. 1963ರಲ್ಲಿ ಆರಂಭವಾದ ಆರ್.ವಿ. ಕಾಲೇಜಿನಿಂದ ಹಿಡಿದು ಈಚೆಗೆ ಹುಟ್ಟಿದವುಗಳವರೆಗೆ, ಮೈಸೂರು ರಸ್ತೆಯಲ್ಲೂ ಉತ್ತರಹಳ್ಳಿ ರಸ್ತೆಯಲ್ಲೂ ಇರುವ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಬೆಳೆಗಾರರ ಮನೆಯ ಹುಡುಗ ಹುಡುಗಿಯರು ಓದುತ್ತಿದ್ದಾರೆ. ಏನು ಕಲಿಯುತ್ತಿದ್ದೀರಿ ಎಂದು ಕೇಳಿದರೆ 'ವೆಬ್' ಎನ್ನುತ್ತಾರೆ, 'ಯು.ಐ.' ಎನ್ನುತ್ತಾರೆ. ತಂದೆತಾಯಿಗಳು ತಲೆಯಾಡಿಸಿ, ಸಂಬಳ ಎಷ್ಟು ಬರಬಹುದು ಎಂಬ ಪ್ರಶ್ನೆಗೆ ಹೋಗುತ್ತಾರೆ. ಆ ವಿದ್ಯೆಗೂ ನಮ್ಮ ಕಣಕ್ಕೂ ನೇರ ಸಂಬಂಧವಿದೆಯೆಂದು ಯಾರೂ ಹೇಳುವುದಿಲ್ಲ. ಆದುದರಿಂದ ಈ ಲೇಖನ.

ಮೊದಲು, ಅದೇನೆಂದು ಸ್ಥೂಲವಾಗಿ ತಿಳಿಯೋಣ. ಸಂಘದ ಗೋಡೆಯ ಮೇಲಿನ ಸೂಚನಾ ಫಲಕವನ್ನು ನೆನಪಿಸಿಕೊಳ್ಳಿ. ಅದರಲ್ಲಿ ಬರೆದದ್ದು ಎಲ್ಲರಿಗೂ ಒಂದೇ. ಅಳಿಸಿ ಬರೆಯುವ ತನಕ ಬದಲಾಗದು. ಮೊದಮೊದಲ ಜಾಲತಾಣಗಳು ಹೀಗಿದ್ದವು. ಈಗಿನವು ಹಾಗಲ್ಲ. ನೀವು ಹೋಗಿ ಗುಮಾಸ್ತರನ್ನು ಕೇಳುತ್ತೀರಿ. ಅವರು ಲೆಡ್ಜರು ತೆರೆದು, ನಿಮ್ಮ ಪುಟ ಹುಡುಕಿ, ನಿಮ್ಮ ಲೆಕ್ಕವನ್ನು ನಿಮಗೆ ಮಾತ್ರ ಓದಿ ಹೇಳುತ್ತಾರೆ. ಪಕ್ಕದವರು ಕೇಳಿದರೆ ಉತ್ತರ ಬೇರೆ. ಕೇಳಿದಾಗಲೆಲ್ಲ ಹೊಸದಾಗಿ ಸಿದ್ಧವಾಗುವ ಇಂಥ ಪುಟಕ್ಕೆ ಚಲನಶೀಲ ಜಾಲತಾಣ, ಎಂದರೆ ಡೈನಾಮಿಕ್ ವೆಬ್‌ಸೈಟ್ ಎಂದು ಹೆಸರು. ಪಹಣಿ, ಬೆಳೆ ವಿಮೆಯ ಅರ್ಜಿ, ಮಾರುಕಟ್ಟೆ ಧಾರಣೆ, ಬ್ಯಾಂಕಿನ ಶಿಲ್ಕು ಎಲ್ಲವೂ ಈಗ ಈ ಬಗೆಯವು. ಲೆಡ್ಜರಿಗೂ ನಮಗೂ ನಡುವೆ ಇರುವ ಕಿಟಕಿ, ಕೌಂಟರು, ಚೀಟಿಗಳ ಕೆಲಸವನ್ನು ಪರದೆಯ ಮೇಲೆ ಮಾಡುವ ಭಾಗವೇ ಅದರ ಮುಖ. ಈ ಮುಖವನ್ನು ಯೋಚಿಸಿ ಕಟ್ಟುವುದು ಯು.ಐ. ವಿನ್ಯಾಸ.

ಸಲಕರಣೆಗಳು ಬಹಳ ಇಲ್ಲ. ಪುಟದ ಗೋಡೆ ಕಂಬಗಳಿಗೆ ಎಚ್.ಟಿ.ಎಂ.ಎಲ್., ಅಂದಚೆಂದಕ್ಕೆ ಸಿ.ಎಸ್.ಎಸ್., ಮುಟ್ಟಿದರೆ ಮರುಮಾತಾಡುವಂತೆ ಮಾಡಲು ಜಾವಾಸ್ಕ್ರಿಪ್ಟ್, ಹಿಂದೆ ಲೆಕ್ಕ ಕಾಯುವ ಒಂದು ದತ್ತಾಂಶ ಭಂಡಾರ. ಶ್ರದ್ಧೆಯುಳ್ಳ ವಿದ್ಯಾರ್ಥಿ ಒಂದು ವರ್ಷದೊಳಗೆ ಇವುಗಳಲ್ಲಿ ಕೈ ಪಳಗಿಸಿಕೊಳ್ಳಬಹುದು. ಮೂರೇ ತಿಂಗಳಲ್ಲಿ ಎಲ್ಲವನ್ನೂ ಕಲಿಸಿ ಕೆಲಸ ಕೊಡಿಸುತ್ತೇವೆಂಬ ಫಲಕಗಳು ನಗರದ ಪಶ್ಚಿಮ ಭಾಗದಲ್ಲೂ ಬೇಕಾದಷ್ಟಿವೆ. ಗೊಬ್ಬರದ ಮೂಟೆಯ ಮೇಲಿನ ಆಶ್ವಾಸನೆಯನ್ನು ಎಷ್ಟು ನಂಬುತ್ತೇವೋ ಇವನ್ನೂ ಅಷ್ಟೇ ನಂಬಿದರೆ ಸಾಕು. ಸಲಕರಣೆ ಬಳಸಲು ಬಂದರೆ ಪುಟ ಕಟ್ಟಲು ಬಂದಂತಾಗುವುದಿಲ್ಲ. ಯಾರಿಗಾಗಿ ಕಟ್ಟುತ್ತಿದ್ದೇವೆಂಬುದನ್ನು ಬೇರೆಯಾಗಿಯೇ ಕಲಿಯಬೇಕು. ಈ ಎರಡನೆಯ ಕಲಿಕೆಯ ಪಾಠಶಾಲೆ ಕೆಂಗೇರಿಯಲ್ಲಿಲ್ಲ. ಅದು ನಮ್ಮ ತೂಕದ ಕಟ್ಟೆಯಲ್ಲಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಒಂದು ಚುಕ್ಕೆಯ ಉದಾಹರಣೆ ಕೊಡುತ್ತೇನೆ. ಪಹಣಿಯಲ್ಲಿ ವಿಸ್ತೀರ್ಣವನ್ನು ಎಕರೆ, ಗುಂಟೆ, ಆಣೆಗಳಲ್ಲಿ, ನಡುನಡುವೆ ಚುಕ್ಕೆಯಿಟ್ಟು ಬರೆಯುವುದು ರೂಢಿ. 1.20 ಎಂದು ಕಂಡರೆ ನಾವು 1 ಎಕರೆ 20 ಗುಂಟೆ ಎಂದು ಓದುತ್ತೇವೆ. ಅಂದರೆ ಒಂದೂವರೆ ಎಕರೆ. ಗಣಕಯಂತ್ರಕ್ಕೆ ಅದೇ 1.20 ಬರಿಯ ದಶಮಾಂಶ ಸಂಖ್ಯೆ. ಅದರ ಪ್ರಕಾರ ಒಂದು ಎಕರೆ ಮತ್ತು ಎಕರೆಯ ಐದರಲ್ಲೊಂದು ಪಾಲು, ಎಂದರೆ 1 ಎಕರೆ 8 ಗುಂಟೆ. ದಕ್ಷಿಣ ಕನ್ನಡ, ಕಾಸರಗೋಡಿನವರು ಸೆಂಟ್ಸ್ ಲೆಕ್ಕದವರು. ಅವರ 1.20 ಎಂದರೆ 1 ಎಕರೆ 20 ಸೆಂಟ್ಸ್; ಅದು ಯಂತ್ರದ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ. ಹೀಗಾಗಿ ಇಬ್ಬರು ಬೆಳೆಗಾರರು ಒಂದೇ ಖಾನೆಯಲ್ಲಿ ಒಂದೇ ಅಂಕಿಯನ್ನು ಪ್ರಾಮಾಣಿಕವಾಗಿ ತುಂಬುತ್ತಾರೆ. ಒಬ್ಬರದು ಸರಿಯಾಗುತ್ತದೆ, ಇನ್ನೊಬ್ಬರ ತೋಟದಲ್ಲಿ 12 ಗುಂಟೆ ಮಾಯವಾಗುತ್ತದೆ. ವಿಮೆಯ ಮೊತ್ತ ಹೆಕ್ಟೇರಿಗೆ ಒಂದು ಲಕ್ಷವೆಂದು ಇಟ್ಟುಕೊಂಡರೂ ಆ 12 ಗುಂಟೆಯ ಬಾಬ್ತು 12,000 ರೂಪಾಯಿಗೂ ಮೇಲೆ. ಕೊಳೆರೋಗದ ವರ್ಷದಲ್ಲಿ ಅದು ಸಣ್ಣ ಹಿಡುವಳಿದಾರನಿಗೆ ಸಣ್ಣ ಮೊತ್ತವಲ್ಲ.

ಪರಿಹಾರ ಬಹಳ ಸುಲಭ. ಒಂದು ಖಾನೆಯ ಬದಲು ಎರಡು ಖಾನೆ ಇಡುವುದು. ಒಂದಕ್ಕೆ 'ಎಕರೆ', ಇನ್ನೊಂದಕ್ಕೆ 'ಗುಂಟೆ' ಎಂದು ಹೆಸರು ಬರೆಯುವುದು. ಗುಂಟೆಯ ಖಾನೆ 39ಕ್ಕಿಂತ ಹೆಚ್ಚಿನ ಅಂಕಿಯನ್ನು ಒಪ್ಪದಿರುವುದು. ತುಂಬಿದ ಕೂಡಲೇ ಕೆಳಗೆ 'ಒಂದು ಎಕರೆ ಇಪ್ಪತ್ತು ಗುಂಟೆ, ಅಂದರೆ ಒಂದೂವರೆ ಎಕರೆ, 0.607 ಹೆಕ್ಟೇರ್' ಎಂದು ಅಕ್ಷರದಲ್ಲೂ ಅಂಕಿಯಲ್ಲೂ ಓದಿ ಹೇಳುವುದು. ಸೆಂಟ್ಸಿನವರಿಗೆ ಸೆಂಟ್ಸ್ ಆರಿಸಿಕೊಳ್ಳಲು ಬಿಡುವುದು. ಕಲಿತ ಹುಡುಗನಿಗೆ ಇದು ಅರ್ಧ ದಿನದ ಕೆಲಸ. ಆದರೆ ಗುಂಟೆ ಎಂಬುದೊಂದಿದೆ, ಅದು ನಲವತ್ತಕ್ಕೆ ಎಕರೆಯಾಗುತ್ತದೆ, ನೂರಕ್ಕಲ್ಲ ಎಂಬುದು ಅವನ ತಲೆಗೆ ಹೊಳೆಯಬೇಕಲ್ಲ! ಅದನ್ನು ಯಾವ ಪಠ್ಯಪುಸ್ತಕವೂ ಹೇಳದು. ಅಂಗಡಿ ಸಾಮಾನಿನ ಬುಟ್ಟಿಯನ್ನೂ ಸಿನಿಮಾ ಟಿಕೇಟಿನ ಪುಟವನ್ನೂ ಕಟ್ಟಿ ಅಭ್ಯಾಸ ಮಾಡಿದವನಿಗೆ ಚುಕ್ಕೆ ಎಂದರೆ ದಶಮಾಂಶವೇ. ಅಪ್ಪನ ಜೊತೆ ತಾಲ್ಲೂಕು ಕಚೇರಿಯಲ್ಲಿ ಒಮ್ಮೆ ನಿಂತವಳಿಗೆ ಅದು ಬೇರೆಯಾಗಿ ಕಾಣುತ್ತದೆ.

ಪಹಣಿಯ ಮಾತು ಬಂದುದರಿಂದ ಭೂಮಿ ಯೋಜನೆಯನ್ನು ಇಲ್ಲಿ ನೆನೆಯಬೇಕು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ಏರಿಸಿ, 2002ರ ಹೊತ್ತಿಗೆ ರಾಜ್ಯದ ತಾಲ್ಲೂಕುಗಳಲ್ಲೆಲ್ಲ ಕೌಂಟರು ತೆರೆದು, 15 ರೂಪಾಯಿಗೆ ಒಂದು ಪ್ರತಿಯಂತೆ ಕೊಡಲಾರಂಭಿಸಿದ್ದು ನಮ್ಮ ರಾಜ್ಯ. ಅದರ ತಂತ್ರಜ್ಞಾನದ ಬಗ್ಗೆ, ಅದು ತಪ್ಪಿಸಿದ ಓಡಾಟದ ಬಗ್ಗೆ, ಬಗೆಹರಿಸದೆ ಉಳಿಸಿದ ತಕರಾರುಗಳ ಬಗ್ಗೆ ಬಹಳ ಬರೆದಿದ್ದಾರೆ. ನನಗೆ ಮುಖ್ಯವಾಗಿ ಕಾಣುವುದು ಒಂದು ಚಿಕ್ಕ ಸಂಗತಿ. ಆ ಕೌಂಟರುಗಳಲ್ಲಿ ಎರಡು ಪರದೆಗಳನ್ನು ಇಡಲಾಗಿತ್ತು. ಒಂದು ಸಿಬ್ಬಂದಿಯ ಕಡೆಗೆ, ಇನ್ನೊಂದು ಹೊರಗೆ ನಿಂತ ರೈತನ ಕಡೆಗೆ. ಒಳಗೆ ಏನು ಟೈಪಾಗುತ್ತಿದೆ, ಯಾರ ಹೆಸರು, ಎಷ್ಟು ವಿಸ್ತೀರ್ಣ ಎಂಬುದನ್ನು ರೈತ ಅದೇ ಹೊತ್ತಿನಲ್ಲಿ ನೋಡಬಹುದಾಗಿತ್ತು. ಓದಲು ಬಾರದವನೂ ಜೊತೆಗಾರನಿಂದ ಓದಿಸಿ, 'ಸ್ವಾಮಿ, ಅಲ್ಲಿ ನಮ್ಮಪ್ಪನ ಹೆಸರು ತಪ್ಪಾಗಿದೆ' ಎನ್ನಲು ಅವಕಾಶವಿತ್ತು. ಪರದೆಯನ್ನು ಯಾರ ಕಡೆಗೆ ತಿರುಗಿಸಬೇಕು ಎಂಬ ಪ್ರಶ್ನೆಯನ್ನು ಅಂದು ಯಾರೋ ಒಬ್ಬರು ಕೇಳಿಕೊಂಡಿದ್ದರು. ವಿನ್ಯಾಸವೆಂದರೆ ಬಣ್ಣ ಹಚ್ಚುವುದಲ್ಲ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಸಿಕ್ಕಿಲ್ಲ.

ಕೆಂಗೇರಿಯ ಈ ಗಣಕ ಲೋಕಕ್ಕೂ ನಮ್ಮ ಕಾಫಿಗೂ ಹಳೆಯ ನಂಟಿದೆ ಎಂಬುದೂ ಹಲವರಿಗೆ ತಿಳಿಯದು. ಕಾಫಿ ಮಂಡಳಿಯ ಪೂಲಿಂಗ್ ಪದ್ಧತಿ ಮುಗಿದು ಬೆಳೆಗಾರನಿಗೆ ತನ್ನ ಕಾಫಿಯನ್ನು ತಾನೇ ಮಾರುವ ಪೂರ್ಣ ಸ್ವಾತಂತ್ರ್ಯ ಬಂದದ್ದು 1996ರಲ್ಲಿ. ಅದೇ ವರ್ಷ ಚಿಕ್ಕಮಗಳೂರಿನ ಕಾಫಿ ಬೆಳೆಗಾರ ಮನೆತನದ ವಿ.ಜಿ. ಸಿದ್ಧಾರ್ಥ ಅವರು ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ತೆರೆದ ಮೊದಲ ಕೆಫೆ ಕಾಫಿ ಡೇಯಲ್ಲಿ ಕಾಫಿಯ ಜೊತೆಗೆ ಇಂಟರ್‌ನೆಟ್ಟನ್ನೂ ಒದಗಿಸಿದರು. ಅನೇಕ ಬೆಂಗಳೂರಿಗರು ಜಾಲವನ್ನು ಮೊದಲು ಕಂಡದ್ದು ಕಾಫಿ ಬಟ್ಟಲಿನ ಪಕ್ಕದಲ್ಲೇ. ಮುಂದೆ ಅದೇ ಸಮೂಹವು ಕೆಂಗೇರಿಗೆ ಸ್ವಲ್ಪ ಈಚೆ, ಮೈಸೂರು ರಸ್ತೆಯ ಬದಿಯಲ್ಲಿ ಗ್ಲೋಬಲ್ ವಿಲೇಜ್ ಎಂಬ ತಂತ್ರಾಂಶ ಆವರಣವನ್ನು ಕಟ್ಟಿತು. 1999ರಲ್ಲಿ ಹುಟ್ಟಿದ ಮೈಂಡ್‌ಟ್ರೀ ಕಂಪನಿ ಅಲ್ಲಿ ನೆಲೆಸಿತು; ಅದರ ಆರಂಭದ ಹೂಡಿಕೆದಾರರಲ್ಲಿ ಸಿದ್ಧಾರ್ಥರೂ ಒಬ್ಬರು. 2019ರ ಜುಲೈನಲ್ಲಿ ಅವರು ತೀರಿಕೊಂಡರು. ಆವರಣವೂ ಆ ಬಳಿಕ ಬೇರೆಯವರ ಕೈಗೆ ಹೋಯಿತು. ಸಾಲದ ಆ ಕಥೆಯ ಸರಿ ತಪ್ಪುಗಳನ್ನು ತೂಗುವುದು ಈ ಲೇಖನದ ಕೆಲಸವಲ್ಲ. ಕಾಫಿಯ ಹಣದಿಂದ ಎದ್ದ ಕಟ್ಟಡಗಳಲ್ಲಿ ಕುಳಿತು ದೂರದೇಶದ ಬ್ಯಾಂಕು, ವಿಮಾನ ಕಂಪನಿಗಳಿಗೆ ಪುಟ ಕಟ್ಟಿದ ಕೈಗಳು, ಕಾಫಿ ಬೆಳೆಯುವವನ ಚೀಟಿಗೆ ಒಂದು ನೆಟ್ಟಗಿನ ಪುಟ ಕಟ್ಟಲು ಬಿಡುವು ಮಾಡಿಕೊಳ್ಳಲಿಲ್ಲವಲ್ಲ ಎಂದು ಮಾತ್ರ ಅನ್ನಿಸುತ್ತದೆ. ಅವರನ್ನು ದೂರಿ ಫಲವಿಲ್ಲ. ನಾವು ಕೇಳಲೇ ಇಲ್ಲ.

ಈಗ ಕೇಳಬೇಕಾದ ಕಾಲ ಬಂದಿದೆ. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರವು ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ತಂತ್ರಾಂಶದಡಿ ತರಲು 2,516 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಪತ್ತಿನ ಸಂಘಗಳ ಲೆಡ್ಜರು ಹೀಗೆ ಬದಲಾಗುತ್ತಿರುವಾಗ ಮಾರಾಟದ ಸಂಘಗಳು ಹಳೆಯ ಪುಸ್ತಕವನ್ನೇ ಹಿಡಿದು ಕೂರಲಾಗದು. ಇನ್ನೊಂದು ಕಡೆಯಿಂದ ಯುರೋಪಿನ ಒತ್ತಾಯವಿದೆ. ಅರಣ್ಯನಾಶ ತಡೆಯುವ ಉದ್ದೇಶದ 2023ರ ಯುರೋಪ್ ಒಕ್ಕೂಟದ ನಿಯಮದಂತೆ, ಅಲ್ಲಿಗೆ ಹೋಗುವ ಕಾಫಿ ಯಾವ ಜಮೀನಿನಲ್ಲಿ ಬೆಳೆದದ್ದೆಂದು ಅಕ್ಷಾಂಶ ರೇಖಾಂಶಗಳ ಸಮೇತ ತೋರಿಸಬೇಕು. ಜಾರಿಯ ದಿನಾಂಕವನ್ನು ಒಂದಕ್ಕಿಂತ ಹೆಚ್ಚು ಬಾರಿ ಮುಂದೂಡಿದ್ದಾರೆ. ಆದರೆ ನಿಯಮ ಹೋಗಿಲ್ಲ. 4 ಹೆಕ್ಟೇರಿಗಿಂತ ದೊಡ್ಡ ಜಮೀನಾದರೆ ನಕ್ಷೆಯ ಮೇಲೆ ಸುತ್ತಳತೆಯ ಗೆರೆ ಎಳೆಯಬೇಕು; ಅದಕ್ಕಿಂತ ಚಿಕ್ಕದಾದರೆ ಒಂದು ಬಿಂದು ಸಾಕು. ನಮ್ಮಲ್ಲಿ ಬಹುಪಾಲು ಸದಸ್ಯರಿಗೆ ಒಂದು ಬಿಂದುವೇ ಸಾಕಾಗುವಾಗ, ಪುಟವು ಎಲ್ಲರನ್ನೂ ಗೆರೆ ಎಳೆಯಲು ಕರೆದರೆ ಏನಾಗುತ್ತದೆಂದು ಊಹಿಸಿ. ಸಿಲ್ವರ್ ಓಕ್, ಅತ್ತಿ, ಹಲಸಿನ ದಟ್ಟ ನೆರಳಿನಲ್ಲಿ ಮೊಬೈಲಿನ ಜಿ.ಪಿ.ಎಸ್. ಹತ್ತಾರು ಅಡಿ ಅತ್ತಿತ್ತ ಓಲಾಡುತ್ತದೆ. ಗೆರೆ ಪಕ್ಕದವರ ಬೇಲಿ ದಾಟುತ್ತದೆ, ಕೆಲವೊಮ್ಮೆ ಮೀಸಲು ಅರಣ್ಯದೊಳಕ್ಕೂ ಕಾಲಿಡುತ್ತದೆ. 'ನಿಮ್ಮ ಜಮೀನು 4 ಹೆಕ್ಟೇರಿಗಿಂತ, ಅಂದರೆ ಸುಮಾರು 10 ಎಕರೆಗಿಂತ ಕಡಿಮೆಯೇ?' ಎಂಬ ಒಂದು ಪ್ರಶ್ನೆಯನ್ನು ಮೊದಲೇ ಕೇಳುವ ಪುಟ ಈ ಪೀಕಲಾಟವನ್ನೆಲ್ಲ ತಪ್ಪಿಸುತ್ತದೆ.

ನೆರಳಿನ ಮಾತು ಹೇಳಿದೆ. ಬಿಸಿಲಿನದೂ ಒಂದು ಮಾತಿದೆ. ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತವನು ಬಿಳಿಯ ಮೇಲೆ ತಿಳಿಬೂದು ಅಕ್ಷರ ಬರೆದು ಸೊಗಸಾಗಿದೆ ಎನ್ನುತ್ತಾನೆ. ಅಡಿಕೆ ಅಂಗಳದ ಮಧ್ಯಾಹ್ನದ ಬಿಸಿಲಿನಲ್ಲಿ ಅದು ಬರೀ ಬಿಳಿ ಕಾಗದ. ಅಕ್ಷರಕ್ಕೂ ಹಿನ್ನೆಲೆಗೂ ಕಾಂತಿಯ ಅಂತರ ಕನಿಷ್ಠ 4.5ಕ್ಕೆ 1 ಇರಬೇಕೆಂದು ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ. ಗುಂಡಿಗಳೂ ಅಷ್ಟೇ. ಅಡಿಕೆ ಸುಲಿದ ಒರಟು ಹೆಬ್ಬೆರಳಿಗೆ, ಹಣ್ಣು ಕೊಯ್ದ ಒದ್ದೆ ಕೈಗೆ ಅವು ಸಿಕ್ಕಬೇಕು. ಮಲೆನಾಡಿನಲ್ಲಿ ಸಿಗ್ನಲ್ಲು ಗುಡ್ಡದ ಮೇಲೆ ಒಂದು ಕಡ್ಡಿ, ಕೆಳಗಿಳಿದರೆ ಸೊನ್ನೆ. ಕೆಲವು ತಾಣಗಳು ಮೊದಲು ಬಿಡಿಭಾಗಗಳನ್ನೆಲ್ಲ ಮೊಬೈಲಿಗೆ ಕಳಿಸಿ, ಪುಟವನ್ನು ಅಲ್ಲೇ ಜೋಡಿಸಿಕೊಳ್ಳುವಂತೆ ಹೇಳುತ್ತವೆ. ಭಾಗಗಳು ಬಂದು ಮುಟ್ಟುವ ತನಕ ಖಾಲಿ ಪರದೆಯಲ್ಲಿ ಒಂದು ಚಕ್ರ ತಿರುಗುತ್ತಿರುತ್ತದೆ. ಪುಟವನ್ನು ಸರ್ವರಿನಲ್ಲೇ ಜೋಡಿಸಿ ಸಿದ್ಧವಾಗಿ ಕಳಿಸಿದರೆ ನಮ್ಮಂಥ ಊರುಗಳಿಗೆ ಎಷ್ಟೋ ಅನುಕೂಲ. ಅರ್ಜಿಯ ಏಳನೆಯ ಖಾನೆ ತುಂಬುವಾಗ ಸಂಪರ್ಕ ಕಡಿದರೆ ಮೊದಲ ಆರು ಅಳಿಸಿಹೋಗಬಾರದು. ಬರೆದದ್ದನ್ನು ಮೊಬೈಲಿನಲ್ಲೇ ಕಾದಿರಿಸುವ ಉಪಾಯ ಎಲ್ಲ ಬ್ರೌಸರುಗಳಲ್ಲೂ ಇದೆ. ಚಕ್ರ ತಿರುಗುತ್ತಿದೆಯೆಂದು ಎರಡು ಸಲ ಗುಂಡಿ ಒತ್ತಿದವನ ಹೆಸರಿನಲ್ಲಿ ಒಂದೇ ಚೀಲ ಎರಡು ಸಲ ಖರ್ಚಾಗಬಾರದು. ಪ್ರತಿ ಚೀಟಿಗೆ ಮೊದಲೇ ಒಂದು ಕ್ರಮಸಂಖ್ಯೆ ಕೊಟ್ಟರೆ ಯಂತ್ರ ಎರಡನೆಯದನ್ನು ತಾನೇ ಬಿಡುತ್ತದೆ. ನಮ್ಮ ಕಾಗದದ ಚೀಟಿಗೆ ನಂಬರು ಹಾಕುವ ಹಳೆಯ ಕ್ರಮ ಇದಕ್ಕಾಗಿಯೇ ಅಲ್ಲವೇ?

ಕನ್ನಡದ ವಿಷಯದಲ್ಲಿ ಒಂದು ಕಾಲದ ಕಷ್ಟ ಈಗಿಲ್ಲ. ಒಂದು ಫಾಂಟಿನಲ್ಲಿ ಬರೆದದ್ದು ಇನ್ನೊಂದರಲ್ಲಿ ಗೋಜಲಾಗುತ್ತಿದ್ದ ದಿನಗಳು ಯೂನಿಕೋಡ್ ಬಳಕೆಗೆ ಬಂದ ಮೇಲೆ ಮುಗಿದವು. ಮಂಗಳೂರು ಬಳಿಯ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಿಂದ ಟೈಪು ಮಾಡುವುದೂ ಸುಲಭವಾಯಿತು. ಉಳಿದಿರುವುದು ಉದಾಸೀನ. ಇಂಗ್ಲಿಷಿನ ಅಳತೆಗೆ ಹೊಲಿದ ಅಂಗಿಯನ್ನು ಕನ್ನಡಕ್ಕೆ ತೊಡಿಸುತ್ತಾರೆ. ಸಾಲುಗಳ ನಡುವೆ ಜಾಗ ಸಾಲದೆ ಒತ್ತಕ್ಷರಗಳ ಕಾಲು ಕತ್ತರಿಸಿಹೋಗುತ್ತದೆ, 'ನೋಂದಾಯಿಸಿಕೊಳ್ಳಿ' ಎಂಬ ಪದ ಗುಂಡಿಯಿಂದ ಹೊರಗೆ ಚಾಚುತ್ತದೆ. ಅನುವಾದವನ್ನು ಯಂತ್ರಕ್ಕೆ ಬಿಟ್ಟ ಕಡೆಗಳಲ್ಲಿ ಮುಖಪುಟವು 'ಮನೆ' ಆಗಿರುತ್ತದೆ. ಅರ್ಜಿ ತುಂಬುತ್ತಿದ್ದವನಿಗೆ ಮನೆಗೆ ಹೋಗು ಎಂದರೆ ಅವನು ಎದ್ದು ಹೋಗುವುದೇ ಸರಿ.

ಧಾರಣೆಯ ಪುಟದ ಬಗ್ಗೆ ಬೇರೆಯಾಗಿ ಹೇಳಬೇಕು, ಏಕೆಂದರೆ ಅತಿ ಹೆಚ್ಚು ಮಂದಿ ನೋಡುವುದು ಅದನ್ನೇ. ಶಿವಮೊಗ್ಗದಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು. ಕರಾವಳಿಯಲ್ಲಿ ಹೊಸ ಚಾಲಿ, ಹಳೆ ಚಾಲಿ, ಪಟೋರ, ಕೋಕ. ಅಡಿಕೆಯೆಂದು ಒಂದೇ ಹೆಸರಿನಡಿ ಇವನ್ನೆಲ್ಲ ಕಲಸಿ ಕನಿಷ್ಠ, ಗರಿಷ್ಠ ಎಂದು ಎರಡು ಅಂಕಿ ಕೊಟ್ಟರೆ ಯಾರಿಗೆ ಏನು ತಿಳಿಯಿತು? ಕಾಫಿಯಲ್ಲಿ ಇನ್ನೂ ತೊಡಕು. ನ್ಯೂಯಾರ್ಕ್ ಅರೇಬಿಕಾವನ್ನು ಪೌಂಡಿಗೆ ಇಷ್ಟು ಸೆಂಟ್ಸ್ ಎನ್ನುತ್ತದೆ. ಲಂಡನ್ ರೊಬಸ್ಟಾವನ್ನು ಟನ್ನಿಗೆ ಇಷ್ಟು ಡಾಲರ್ ಎನ್ನುತ್ತದೆ. ನಮ್ಮ ವ್ಯಾಪಾರಿ 50 ಕಿಲೋ ಚೀಲಕ್ಕೆ, ಅದೂ ಚೆರಿಯಾದರೆ ಔಟ್‌ಟರ್ನ್ ನೋಡಿ ಹೇಳುತ್ತಾನೆ. ನನ್ನ ಚೀಲದ ಔಟ್‌ಟರ್ನ್ ಹಾಕಿದರೆ ಇವತ್ತಿನ ದರದಲ್ಲಿ ನನಗೆಷ್ಟು ಬಂದೀತು ಎಂದು ಲೆಕ್ಕ ಮಾಡಿ ತೋರಿಸುವ ಪುಟವಾದರೆ ಅದು ಬೆಳೆಗಾರನ ಪುಟ. ಎಲ್ಲಕ್ಕಿಂತ ಮುಖ್ಯವಾಗಿ ದರದ ಪಕ್ಕದಲ್ಲೇ, ದರದಷ್ಟೇ ದೊಡ್ಡದಾಗಿ ದಿನಾಂಕ ಮತ್ತು ಹೊತ್ತು ಇರಬೇಕು. ಮೊನ್ನೆಯ ಧಾರಣೆ ಇಂದಿನದೆಂಬಂತೆ ಕಾಣಿಸಿದರೆ, ಏನೂ ಕಾಣದಿರುವುದಕ್ಕಿಂತ ಹೆಚ್ಚಿನ ಕೇಡು.

ಇಷ್ಟೆಲ್ಲ ನಮಗೇಕೆ, ಗ್ರಾಮ ಒನ್ ಕೇಂದ್ರದ ಹುಡುಗ ತುಂಬಿಕೊಡುತ್ತಾನಲ್ಲ ಎನ್ನುವವರಿದ್ದಾರೆ. ತುಂಬುವವನು ಅವನೇ, ಆದರೆ ಅವನ ಮುಂದೆ ಇರುವುದೂ ಅದೇ ಚುಕ್ಕೆಯ ಖಾನೆ, ಮತ್ತು ತಪ್ಪಿದರೆ ತಿರಸ್ಕೃತವಾಗುವುದು ನಮ್ಮ ಅರ್ಜಿ. ಸಿದ್ಧ ತಂತ್ರಾಂಶವನ್ನು ಕೊಂಡರಾಯಿತು ಎನ್ನುವ ಇನ್ನೊಂದು ವಾದದಲ್ಲಿ ಸ್ವಲ್ಪ ಹುರುಳಿದೆ. ಲೆಕ್ಕಪತ್ರ, ಆಡಿಟ್, ಬಡ್ಡಿ ಗುಣಿಸುವ ಯಂತ್ರವನ್ನು ಸಂಘವೇ ಮೊದಲಿನಿಂದ ಕಟ್ಟಹೊರಡುವುದು ಹುಚ್ಚುತನ. ಅದನ್ನು ಪಳಗಿದವರಿಂದ ಕೊಳ್ಳಲಿ. ಆದರೆ ಸದಸ್ಯ ನೋಡುವ ನಾಲ್ಕಾರು ಪುಟಗಳು, ಎಂದರೆ ತೂಕದ ಚೀಟಿ, ಧಾರಣೆ, ಖಾತೆಯ ಶಿಲ್ಕು, ಗೊಬ್ಬರದ ಬೇಡಿಕೆ, ಇವುಗಳ ಮುಖ ನಮ್ಮ ಅಳತೆಗೆ ಇರಬೇಕೆಂದು ಕರಾರಿನಲ್ಲೇ ಬರೆಸಬಹುದು. ಹಾಗೆ ಬರೆಸಲು ನಮಗೇನು ಬೇಕೆಂದು ನಮ್ಮಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು.

ಆದುದರಿಂದ ಆಡಳಿತ ಮಂಡಳಿಯ ಮುಂದೆ ನನ್ನ ಸಲಹೆ ಇಷ್ಟು. ಕೆಂಗೇರಿ ಕಡೆಯ ಕಾಲೇಜುಗಳಲ್ಲಿ ಈ ವಿದ್ಯೆ ಕಲಿಯುತ್ತಿರುವ ಸದಸ್ಯರ ಮಕ್ಕಳಲ್ಲಿ ಇಬ್ಬರು ಮೂವರನ್ನು ಕೊಯ್ಲಿನ ಕಾಲದಲ್ಲಿ, ಜನವರಿ ಫೆಬ್ರವರಿಯ ನಾಲ್ಕು ವಾರ, ಸಂಘದ ಕೌಂಟರಿನಲ್ಲಿ ಕೂರಿಸಬೇಕು. ಕಾಲೇಜಿನ ಕೊನೆಯ ವರ್ಷದ ಪ್ರಾಜೆಕ್ಟಿಗೆ ಹೇಗೂ ಅವರಿಗೊಂದು ವಿಷಯ ಬೇಕು. ಮೊದಲ ವಾರ ಅವರು ಗಣಕವನ್ನು ಮುಟ್ಟಬಾರದು. ಚೀಲ ಇಳಿಸುವುದು, ತೇವಾಂಶ ನೋಡುವುದು, ತೂಕ ಬರೆಯುವುದು, ಸದಸ್ಯ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿ ಏನು ಕೇಳುತ್ತಾನೆ ಎಂಬುದನ್ನು ಬರೆದುಕೊಳ್ಳುವುದು. ಎರಡನೆಯ ವಾರ ಪುಟವನ್ನು ಕಾಗದದ ಮೇಲೆ ಪೆನ್ಸಿಲಿನಿಂದ ಗೀಚಿ ನಮಗೆ ತೋರಿಸಲಿ. ಕಂಪ್ಯೂಟರಿನಲ್ಲಿ ಕಟ್ಟಿದ ಮೇಲೆ ತಿದ್ದಲು ಮನಸ್ಸು ಬಾರದು. ಕಾಗದವಾದರೆ ಹರಿದು ಹಾಕಬಹುದು. ಉಳಿದೆರಡು ವಾರ ಕಟ್ಟಲಿ. ಊಟ, ವಸತಿ, ಓಡಾಟದ ಖರ್ಚನ್ನು ಸಂಘ ಕೊಡಲಿ. ಕೈಗೊಂದಿಷ್ಟು ಗೌರವಧನವೂ ಇರಲಿ. ಸೇವೆಯ ಹೆಸರಿನಲ್ಲಿ ಬಿಟ್ಟಿ ದುಡಿಸಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಬೇಡ.

ಸದಸ್ಯರ ಕಡೆಯಿಂದಲೂ ಒಂದು ಕೆಲಸವಿದೆ. ಆ ಮಕ್ಕಳು ಮೊಬೈಲು ಕೊಟ್ಟು 'ಇದರಲ್ಲಿ ನಿಮ್ಮ ಕಳೆದ ವರ್ಷದ ತೂಕ ಹುಡುಕಿ' ಎಂದಾಗ, ಪಕ್ಕದಲ್ಲಿ ಅವರು ಸುಮ್ಮನೆ ನಿಂತು ನೋಡುತ್ತಿದ್ದರೆ ಸಂಕೋಚಪಡಬೇಡಿ. ತಿಳಿಯದಿದ್ದರೆ ತಿಳಿಯಲಿಲ್ಲವೆನ್ನಿ, ಅಂಥ ಕಡೆ ಪರೀಕ್ಷೆಗೆ ಒಳಗಾಗುವುದು ಪುಟವೇ ಹೊರತು ನೀವಲ್ಲ. ಅರವತ್ತು ದಾಟಿದವರು, ಕನ್ನಡಕ ಮನೆಯಲ್ಲಿ ಮರೆತು ಬಂದವರು, ತೋಟದ ಲೆಕ್ಕ ನೋಡಿಕೊಳ್ಳುವ ಹೆಣ್ಣುಮಕ್ಕಳು ಮೊದಲು ಬಂದರೆ ಹೆಚ್ಚು ಉಪಕಾರ. ಮನೆಯಲ್ಲಿ ಹಳೆಯ ತೂಕದ ಚೀಟಿ, ತಿರಸ್ಕೃತವಾದ ಅರ್ಜಿಯ ಪ್ರತಿ, ಕಾರಣ ತಿಳಿಸಿ ಬಂದ ಸಂದೇಶ ಇದ್ದರೆ ಎಸೆಯದೆ ಇಡಿ. ಖಾತೆ ಸಂಖ್ಯೆ, ಆಧಾರ್ ಸಂಖ್ಯೆಗಳನ್ನು ಮಸಿಯಿಂದ ಮುಚ್ಚಿ, ಮುಂದಿನ ಸರ್ವಸದಸ್ಯರ ಸಭೆಗೆ ಬರುವಾಗ ಒಂದು ಲಕೋಟೆಯಲ್ಲಿ ಹಾಕಿ ತನ್ನಿ.